ಗುಲಾಬಿ ಬರೆದ ಬೋರ್ಡು

ಗುಲಾಬಿ ಹೆತ್ತ ದಿನ ಊರಿನ ಅರ್ಧ ಜನ ಅವಳ ಮನೆ ಎಲ್ಲಿದೆಯೆಂದು ಹುಡುಕುತ್ತಿದ್ದರು. ಅವರಲ್ಲಿ ನಾನೂ ಒಬ್ಬಳು. ಆ ಮನೆಯ ಕರೆಪೆಟ್ಟಿಗೆಯನ್ನು ಹತ್ತು ದಿನದ ಹಿಂದೆಯಷ್ಟೇ ರಿಪೇರಿ ಮಾಡಿ, ‘ಸರಿಯಿದೆ’ ಎಂದು ಚೀಟಿ ಅಂಟಿಸಿ, ಕೆಳಗೆ ವಾರಿಜಾ ಎಂದು ಸಹಿ ಹಾಕಿ ಕೊಟ್ಟವಳೂ ನಾನೇ.

ನಮ್ಮ ಊರಿನ ಬೀದಿಗಳು ದಿನವೂ ಬೆಳಗ್ಗೆ ಆರು ಗಂಟೆಯ ಹೊತ್ತಿಗೆ ಜಾಗ ಬದಲಿಸುತ್ತವೆ. ‘ಊರು ಮಗ್ಗುಲಾಯಿತು’ ಎನ್ನುತ್ತೇವೆ ನಾವು. ಮನೆಯೊಳಗಿದ್ದವರಿಗೆ ಏನೂ ತಿಳಿಯುವುದಿಲ್ಲ, ಒಲೆಯ ಮೇಲಿನ ಹಾಲು ಕೂಡ ತುಳುಕುವುದಿಲ್ಲ. ಬಾಗಿಲು ತೆರೆದರೆ ಮಾತ್ರ ನಿನ್ನೆ ಬಟ್ಟೆಯಂಗಡಿ ಇದ್ದಲ್ಲಿ ಇವತ್ತು ಯಾರದೋ ಬಾವಿಕಟ್ಟೆ. ಹುಟ್ಟಿದಾಗಿನಿಂದ ನೋಡಿದ್ದರಿಂದ ಯಾರಿಗೂ ಇದೊಂದು ದೊಡ್ಡ ಸಂಗತಿ ಅನಿಸುವುದಿಲ್ಲ. ನೆರೆಮನೆಯವರ ಜೊತೆ ಜಗಳವಾದರೆ ಮರುದಿನ ಮುಂದುವರಿಸಲು ಅವರು ಸಿಗುವುದಿಲ್ಲ, ಅಷ್ಟೆ. ಪತ್ರೊಡೆ ಮಾಡಿದರೆ ಇವತ್ತು ಪಕ್ಕದಲ್ಲಿ ಯಾರಿದ್ದಾರೋ ಅವರ ಮನೆಗೆ ಒಂದು ತಟ್ಟೆ ಹೋಗುತ್ತದೆ. ತಟ್ಟೆ ತಿರುಗಿ ಬರಲು ಆರು ತಿಂಗಳಾದರೂ ಆದೀತು. ಅಲುಗದೆ ನಿಂತಿರುವುದು ಹೊಳೆಯ ದಂಡೆ, ಮತ್ತು ಅದರ ಮೇಲಿರುವ ಹಳೆಯ ಸುಂಕದಕಟ್ಟೆ. ನನ್ನ ರಿಪೇರಿ ಅಂಗಡಿ ಇರುವುದು ಅಲ್ಲೇ.

ಪ್ರತಿ ಮನೆಯ ಗೋಡೆಯ ಮೇಲೂ ಒಂದು ಕರೆಪೆಟ್ಟಿಗೆ ಇರುತ್ತದೆ. ಒಳಗೆ ಅಂಗೈಯಗಲದ ಸರ್ಕಿಟ್ ಬೋರ್ಡು, ತಂತಿ ಸುತ್ತಿದ ಒಂದು ಕಾಯಿಲು, ಬ್ಯಾಟರಿ. ಅದು ಹಗಲೂ ರಾತ್ರಿ ಆ ಮನೆಯದೇ ಆದ ಒಂದು ಕರೆಯನ್ನು ಗಾಳಿಗೆ ಬಿಡುತ್ತಿರುತ್ತದೆ. ಮನೆಯವರು ಕೊರಳಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ‘ಕಿವಿ’ ಹಾಕಿಕೊಂಡಿರುತ್ತಾರೆ. ಮನೆಯ ದಿಕ್ಕಿಗೆ ತಿರುಗಿದರೆ ಕಿವಿ ಟಿಕ್ ಟಿಕ್ ಎನ್ನುತ್ತದೆ, ಹತ್ತಿರವಾದಂತೆ ಬಿರುಸಾಗುತ್ತದೆ. ಟಪಾಲಿನವನು ಕಾಗದದ ಚೀಲದ ಜೊತೆ ಕಿವಿಗಳ ಚೀಲವನ್ನೂ ಹೊರುತ್ತಾನೆ. ಮದುವೆಗೆ ಕರೆಯುವಾಗ ಕಾಗದದ ಜೊತೆ ಒಂದು ಕಿವಿಯನ್ನೂ ಕೊಡುವುದು ನಮ್ಮಲ್ಲಿ ಮರ್ಯಾದೆ. ಹೊಳೆ ದಾಟಿ ನಮ್ಮ ಕಡೆಗೆ ಬಂದ ಮೇಲೆ ಮೊಬೈಲು ಹಿಡಿಯುವುದಿಲ್ಲ.

ಆ ದಿನ ಗುಲಾಬಿಗೆ ನೋವು ಶುರುವಾದದ್ದು ಬೆಳಗ್ಗೆ ಐದೂವರೆಗೆ. ಅವಳ ಗಂಡ ತನಿಯಪ್ಪ, ಹೊಳೆಯಲ್ಲಿ ದೋಣಿ ನಡೆಸುವವನು, ಸೂಲಗಿತ್ತಿ ಕಲ್ಯಾಣಿಯನ್ನು ಕರೆತರಲು ಓಡಿದ. ಅವಳನ್ನು ಕರೆದುಕೊಂಡು ಹೊರಗೆ ಬರುವಷ್ಟರಲ್ಲಿ ಊರು ಮಗ್ಗುಲಾಯಿತು. ಕೊರಳಿನ ಕಿವಿ ಎತ್ತಿ ಎಲ್ಲ ದಿಕ್ಕಿಗೂ ತಿರುಗಿಸಿದ. ಸದ್ದಿಲ್ಲ. ಏಳು ಗಂಟೆಗೆ ಅವನು ಸುಂಕದಕಟ್ಟೆಗೆ ಬಂದು ನಿಂತಾಗ ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು.

ಒಂಬೈನೂರು ಚಿಲ್ಲರೆ ಮನೆಗಳು. ಎಲ್ಲದಕ್ಕೂ ಒಂದೇ ಥರದ ಕೆಂಪು ಹಂಚು. ನಾವು ಗುಂಪು ಗುಂಪಾಗಿ ಹೊರಟು ಬಾಗಿಲು ತಟ್ಟುತ್ತ, ಹೆಸರು ಕೂಗುತ್ತ ಹೋದೆವು. ಒಂದೇ ಓಣಿಯನ್ನು ಮೂರು ಗುಂಪು ಮೂರು ಸಲ ಹುಡುಕಿತು, ಪಕ್ಕದ ಓಣಿಗೆ ಯಾರೂ ಹೋಗಲೇ ಇಲ್ಲ. ಮಧ್ಯಾಹ್ನ ಮೂರೂವರೆಗೆ ಒಂದು ಹುಣಸೆಮರದ ಕೆಳಗೆ ಕಲ್ಯಾಣಿ ತಟ್ಟನೆ ನಿಂತಳು. “ಬಾಯಿ ಮುಚ್ಚಿ ಎಲ್ಲರೂ” ಎಂದಳು. ಎಳೆಯ ಮಗುವಿನ ಅಳು ಕೇಳಿತು. ಒಳಗೆ ಹೋದರೆ ಗುಲಾಬಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಅವಳು ಬಟ್ಟೆ ಕತ್ತರಿಸುವ ಕತ್ತರಿ. ಅದನ್ನು ಬಿಸಿನೀರಲ್ಲಿ ಕುದಿಸಿ ತಾನೇ ಹೊಕ್ಕುಳ ಬಳ್ಳಿ ಕತ್ತರಿಸಿಕೊಂಡಿದ್ದಳು. ಮಗು ಹೆಣ್ಣು, ಗಟ್ಟಿಯಾಗಿತ್ತು. ಗುಲಾಬಿಯ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. “ಇನ್ನು ಒಂದು ಗಂಟೆ ತಡವಾಗಿದ್ರೆ ಇವಳು ಉಳೀತಿರಲಿಲ್ಲ” ಎಂದು ಕಲ್ಯಾಣಿ ಆಮೇಲೆ ನನಗೊಬ್ಬಳಿಗೇ ಹೇಳಿದಳು.

ಪೆಟ್ಟಿಗೆಗಳು ಸಾಯುತ್ತಿದ್ದುದು ಅದೊಂದೇ ಮನೆಯಲ್ಲಿ ಅಲ್ಲ. ಉಪ್ಪುಗಾಳಿ ಬೋರ್ಡುಗಳ ತಾಮ್ರವನ್ನು ತಿಂದುಹಾಕಿತ್ತು. ಬೇರೆ ಬೋರ್ಡು ಮಾಡಿಸೋಣವೆಂದರೆ, ಅದರ ನಕ್ಷೆಯನ್ನು ಬಹಳ ಹಿಂದೆ ಹೊರಗಿನ ಒಂದು ಕಂಪನಿ ತನ್ನದೇ ಸಾಫ್ಟ್‌ವೇರಿನಲ್ಲಿ ಬರೆದಿತ್ತು. ಕಂಪನಿ ಮುಚ್ಚಿಹೋಗಿತ್ತು. ನಕ್ಷೆಯ ಫೈಲು ನನ್ನ ಹತ್ತಿರವೇ ಇತ್ತು, ಆದರೆ ತೆರೆಯಲು ಹೋದರೆ ಅದು ಅನುಮತಿಯ ಸಂಖ್ಯೆ ಕೇಳುತ್ತಿತ್ತು. ಆ ಸಂಖ್ಯೆ ಕೊಡುವವರು ಲೋಕದಲ್ಲಿ ಯಾರೂ ಉಳಿದಿರಲಿಲ್ಲ. ನಾವು ಕಟ್ಟಿಕೊಂಡ ಊರಿನ ಹೃದಯದ ನಕ್ಷೆ ನಮ್ಮ ಮೇಜಿನ ಮೇಲೇ ಬೀಗ ಹಾಕಿಕೊಂಡು ಕೂತಿತ್ತು.

ಹಾಗಾಗಿ ಹೊಸದಾಗಿ ಬರೆಯುವುದೊಂದೇ ದಾರಿ. ತಿಂಗಳಿಗೊಮ್ಮೆ ದಂಡೆಗೆ ಬರುವ ಲಾರಿಯ ಡ್ರೈವರನ ಕೈಯಲ್ಲಿ ಹೇಳಿಕಳಿಸಿ ಪೆನ್‌ಡ್ರೈವಿನಲ್ಲಿ ಎರಡು ಸಾಫ್ಟ್‌ವೇರು ತರಿಸಿದೆ. ಒಂದರ ಹೆಸರು ಗೀರು, ಇನ್ನೊಂದರದು ಹೆಣಿಗೆ. ಎರಡೂ ಓಪನ್ ಸೋರ್ಸ್. ಯಾರ ಅನುಮತಿಯೂ ಬೇಡ, ಒಳಗೆ ಏನಿದೆಯೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಗೀರು ಚಿಕ್ಕದು. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡಿತು, ಎರಡೇ ದಿನದಲ್ಲಿ ನನ್ನ ಕೈಗೆ ಹಿಡಿಯಿತು. ಹೆಣಿಗೆ ದೊಡ್ಡದು. ಅದನ್ನು ತೆರೆದರೆ ಕಂಪ್ಯೂಟರು ಏದುಸಿರು ಬಿಡುತ್ತಿತ್ತು, ಪರದೆಯ ತುಂಬ ನನಗರ್ಥವಾಗದ ಗುರುತುಗಳು. ನಾನು ಹೆಣಿಗೆಯನ್ನು ಬದಿಗಿಟ್ಟು ಗೀರಿನಲ್ಲಿ ಕೂತೆ. ಸತ್ತ ಬೋರ್ಡೊಂದನ್ನು ಎದುರಿಗಿಟ್ಟುಕೊಂಡು ಅದರ ಗೆರೆಗಳನ್ನು ಒಂದೊಂದಾಗಿ ನಕಲು ಮಾಡತೊಡಗಿದೆ.

ಗುಲಾಬಿ ಅಂಗಡಿಗೆ ಬಂದದ್ದು ಹೆತ್ತ ನಲವತ್ತೈದನೆಯ ದಿನ. ಮಗುವನ್ನು ಸೀರೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡಿದ್ದಳು. ನಾನು ಎದ್ದು ನಿಂತೆ. ಬೈಯಲಿ, ಬೈಯಲಿ ಎಂದು ಒಳಗೊಳಗೇ ಕಾಯುತ್ತಿದ್ದೆ.

“ಗುಲಾಬಿ, ಆ ಪೆಟ್ಟಿಗೆ ನಾನೇ...” ಎಂದು ಶುರು ಮಾಡಿದೆ.

“ಗೊತ್ತುಂಟು ವಾರಿಜಕ್ಕ. ಚೀಟಿಯ ಮೇಲೆ ನಿಮ್ಮ ಸಹಿ ಇತ್ತಲ್ಲ. ಅದನ್ನೇ ನೋಡ್ತಾ ಮಲಗಿದ್ದೆ ನಾನು.” ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. “ಬೈಲಿಕ್ಕೆ ಬಂದದ್ದಲ್ಲ. ಹೊಸ ಬೋರ್ಡು ಮಾಡ್ತಿದ್ದೀರಂತೆ. ಅದರಲ್ಲಿ ಒಂದು ಬಟನು ಇಡ್ಬೇಕು.”

“ಎಂತಕ್ಕೆ ಬಟನು?”

“ಅವತ್ತು ನೀವೆಲ್ಲ ಕೂಗುವುದು ನನಗೆ ಕೇಳ್ತಿತ್ತು. ಎರಡು ಸಲ ತೀರಾ ಹತ್ತಿರ ಬಂದ್ರಿ. ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಪೆಟ್ಟಿಗೆ ಹೊರಗಿದ್ದವರನ್ನು ಮನೆಗೆ ಕರೀತದೆ. ಒಳಗಿದ್ದವಳು ಊರನ್ನು ಕರೀಲಿಕ್ಕೆ ಅದರಲ್ಲಿ ಎಂತದೂ ಇಲ್ಲ. ಒತ್ತಿದ್ರೆ ಎಲ್ಲರ ಕಿವಿಗೂ ಕೇಳ್ಬೇಕು. ಅಂಥದ್ದೊಂದು.”

ಪಕ್ಕದ ಮೇಜಿನಲ್ಲಿ ಕಾಯಿಲು ಸುತ್ತುತ್ತಿದ್ದ ಲಾದ್ರು ಪೊರ್ಬುಗಳು ತಲೆಯೆತ್ತಿದರು. ಎಪ್ಪತ್ತು ದಾಟಿದ ಮನುಷ್ಯ. ನನ್ನ ಅಪ್ಪನ ಕಾಲದಿಂದ ಅಂಗಡಿಯಲ್ಲಿ ಇರುವವರು, ಮಾತು ಕಡಿಮೆ. “ಆಗ್ತದೆ” ಎಂದರು. “ಕಿವಿಗಳನ್ನು ಪರೀಕ್ಷೆ ಮಾಡ್ಲಿಕ್ಕೆ ನಾವೊಂದು ಕರೆ ಬಿಡ್ತೇವಲ್ಲ, ಅದು ಎಲ್ಲ ಕಿವಿಗೂ ಕೇಳ್ತದೆ. ಬೋರ್ಡಿನ ಕಪ್ಪು ಚಿಪ್ ಉಂಟಲ್ಲ, ಅದರಲ್ಲಿ ಒಂದು ಕಾಲು ಖಾಲಿ ಉಂಟು. ಅಲ್ಲಿಗೆ ಬಟನು ಕೊಟ್ರೆ ಆಯ್ತು.”

ನನಗೆ ಸಿಟ್ಟು ಬಂತು. ನಕ್ಷೆಯನ್ನು ಹೊರಗಿನ ಕಾರ್ಖಾನೆಗೆ ಒಯ್ಯಬೇಕಾದ ಲಾರಿ ಬರಲು ಇಪ್ಪತ್ತಾರೇ ದಿನ ಉಳಿದಿತ್ತು. ನಕಲು ಮುಕ್ಕಾಲು ಮುಗಿದಿತ್ತು. ನೂರ ನಲವತ್ತಮೂರು ಮನೆಗಳ ಪೆಟ್ಟಿಗೆ ಸತ್ತು, ಆ ಮನೆಯವರು ಬೆಳಗಾಗುವ ಮೊದಲೇ ಒಬ್ಬರನ್ನು ಬಾಗಿಲಲ್ಲಿ ಕೂರಿಸಿ, ಹೊರಗೆ ಹೋದವರು ದಾರಿ ತಪ್ಪಿ ಸುಂಕದಕಟ್ಟೆಯ ಚಾವಡಿಯಲ್ಲಿ ಮಲಗಿ, ಹೇಗೋ ದಿನ ನೂಕುತ್ತಿದ್ದರು. ಮಳೆಗಾಲ ಹತ್ತಿರವಾಗುತ್ತಿತ್ತು. “ಮೊದಲು ಇದ್ದದ್ದನ್ನು ಇದ್ದ ಹಾಗೇ ಮಾಡಿಸುವ, ಬಟನು ಆಮೇಲೆ ನೋಡುವ” ಎಂದೆ.

“ಆಮೇಲೆ ಅಂದ್ರೆ ಯಾವಾಗ?” ಎಂದಳು ಗುಲಾಬಿ. ನಾನು ಪರದೆಯತ್ತ ತಿರುಗಿ ಇನ್ನೊಂದು ಗೆರೆ ಎಳೆದೆ. ಅವಳು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಪರದೆಯ ಎದುರು ಕೂತಳು. “ಹೇಗೆ ಬರೀತೀರಿ, ತೋರಿಸಿ.”

ಮರುದಿನವೂ ಬಂದಳು. ಅದರ ಮರುದಿನವೂ. ಅವಳ ಮನೆಗೆ ನಾನು ಎಲ್ಲಿಂದಲೋ ಒಂದು ಹಳೆಯ ಪೆಟ್ಟಿಗೆ ಹುಡುಕಿ ಹಾಕಿಕೊಟ್ಟಿದ್ದೆ. ಆದರೂ ಅವಳು ಕಿವಿಯನ್ನು ನಂಬದೆ ತನಿಯಪ್ಪನನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. ಇಪ್ಪತ್ತು ವರ್ಷ ರವಿಕೆ, ಲಂಗ, ಶಾಲೆಯ ಯೂನಿಫಾರ್ಮು ಕತ್ತರಿಸಿದವಳು. ಚಿಕ್ಕ ಬಟ್ಟೆಯಲ್ಲಿ ದೊಡ್ಡ ಅಳತೆ ಕೂರಿಸುವುದು ಅವಳಿಗೆ ಗೊತ್ತಿತ್ತು. ಬೋರ್ಡೆಂದರೂ ಅದೇ ತಾನೆ, ಇಷ್ಟೇ ಜಾಗದಲ್ಲಿ ಇಷ್ಟೆಲ್ಲ ಕೂರಬೇಕು, ಒಂದರ ಮೇಲೊಂದು ಬೀಳಬಾರದು. ಮೂರನೆಯ ದಿನ ನಾನು ಊಟಕ್ಕೆ ಎದ್ದಾಗ ಅವಳು ಬದಿಗಿಟ್ಟಿದ್ದ ಹೆಣಿಗೆಯನ್ನು ತೆರೆದಿದ್ದಳು.

“ವಾರಿಜಕ್ಕ, ಈ ಬಿಳಿ ನೂಲು ಎಂತದು?”

ಹೆಣಿಗೆಯಲ್ಲಿ ಮೊದಲು ಯಾವುದು ಯಾವುದಕ್ಕೆ ಸೇರಬೇಕೆಂದು ಒಂದು ಚಿತ್ರ ಬರೆಯಬೇಕು. ಆಮೇಲೆ ಬೋರ್ಡಿಗೆ ಹೋದರೆ, ಸೇರಬೇಕಾದ ಎರಡೆರಡು ಬಿಂದುಗಳ ನಡುವೆ ಅದು ತೆಳ್ಳಗಿನ ಬಿಳಿ ಗೆರೆ ಎಳೆದು ತೋರಿಸುತ್ತದೆ. ನಾವು ಅಲ್ಲಿ ತಾಮ್ರದ ಗೆರೆ ಎಳೆಯುವ ತನಕ ಅದು ಮಾಯವಾಗುವುದಿಲ್ಲ. ಅಷ್ಟನ್ನು ನಾನೂ ತಿಳಿದುಕೊಂಡಿದ್ದೆ, ಅದನ್ನೇ ಹೇಳಿದೆ.

“ಕಚ್ಚಾ ಹೊಲಿಗೆ!” ಎಂದಳು ಗುಲಾಬಿ. “ಮಿಶನಿಗೆ ಕೊಡುವ ಮೊದಲು ನಾವು ಹಾಕುವುದಿಲ್ಲವಾ, ಹಾಗೆ. ನಿಮ್ಮ ಗೀರಿನಲ್ಲಿ ಇದು ಎಲ್ಲಿ?”

“ಗೀರಿನಲ್ಲಿ ಅದಿಲ್ಲ. ಅದು ಬರೀ ಚಿತ್ರ. ಗೆರೆ ಎಳೆದರೆ ಗೆರೆ, ಬಿಟ್ಟರೆ ಇಲ್ಲ. ಅದಕ್ಕೇ ಅದು ಸುಲಭ.”

“ಬಿಟ್ಟದ್ದು ನಿಮಗೆ ಹೇಗೆ ಗೊತ್ತಾಗ್ತದೆ?”

“ನಾನು ಬಿಡುವುದಿಲ್ಲ” ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಚುಚ್ಚಿತು. ಅವಳು ಮಗುವಿನ ಬೆನ್ನು ತಟ್ಟುತ್ತ ಪರದೆಯನ್ನೇ ನೋಡುತ್ತಿದ್ದಳು.

ನನ್ನ ಕಡೆಯಿಂದಲೂ ನ್ಯಾಯವಿತ್ತು, ಅದನ್ನು ಹೇಳಬೇಕು. ಗೀರನ್ನು ಮಾಡಿದವರು ಇಬ್ಬರೇ. ಅದು ಆರು ವರ್ಷದಿಂದ ಬದಲಾಗಿರಲಿಲ್ಲ. ಹೆಣಿಗೆಯನ್ನು ದೇಶದೇಶದ ಜನ ಸೇರಿ ವರ್ಷವರ್ಷ ತಿದ್ದುತ್ತಾರೆ. ಇವತ್ತು ಬರೆದದ್ದು ನಾಳೆಯ ಹೆಣಿಗೆಯಲ್ಲಿ ಹಾಗೇ ತೆರೆದೀತೇ ಎಂದು ನನಗೆ ಭಯ. ದಿನಾ ಬದಲಾಗುವ ಊರಲ್ಲಿ ಬದುಕುವವಳಿಗೆ ಬದಲಾಗದ ಒಂದು ವಸ್ತು ಕೈಯಲ್ಲಿದ್ದರೆ ಅದೊಂದು ಧೈರ್ಯ. ಗುಲಾಬಿಗೆ ಇದನ್ನು ಹೇಳಿದಾಗ ಅವಳು ಕೇಳಿದ ಪ್ರಶ್ನೆ ಒಂದೇ. “ಆರು ವರ್ಷದಿಂದ ಬದಲಾಗಲಿಲ್ಲ ಅಂದ್ರೆ, ಅವರಿಬ್ಬರೂ ಇದ್ದಾರಾ ಈಗ?”

ಲಾದ್ರು ಪೊರ್ಬುಗಳು ಕೆಮ್ಮಿದರು. ನಗು ಮುಚ್ಚಿಕೊಳ್ಳಲು ಅವರು ಹಾಗೆ ಮಾಡುವುದು ನನಗೆ ಗೊತ್ತು.

ಲಾರಿಗೆ ಹದಿನೈದು ದಿನ ಇರುವಾಗ ಗೀರಿನ ನಕಲು ಮುಗಿಯಿತು. ದೊಡ್ಡ ಹಾಳೆಯ ಮೇಲೆ ಅಚ್ಚು ತೆಗೆದು ಗೋಡೆಗೆ ಅಂಟಿಸಿದೆ. ಚಂದ ಇತ್ತು. ಗುಲಾಬಿ ಬಹಳ ಹೊತ್ತು ನೋಡಿ, “ಕಳಿಸುವ ಮೊದಲು ಒಂದು ಸಲ ತಾಳೆ ನೋಡುವ” ಎಂದಳು. ಹಳೆಯ ಬೋರ್ಡಿನ ಎರಡು ಬಿಂದುಗಳಿಗೆ ಪೊರ್ಬುಗಳು ಮೀಟರಿನ ಕಡ್ಡಿ ತಾಗಿಸುವುದು. ಸೇರಿದ್ದರೆ ಮೀಟರು ಬೀಪ್ ಎನ್ನುತ್ತದೆ. ಗುಲಾಬಿ ನನ್ನ ಹಾಳೆಯಲ್ಲಿ ಅದೇ ಗೆರೆ ಹುಡುಕಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕುವುದು. ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದರು. ನಾನು ಬೇರೆ ಪೆಟ್ಟಿಗೆ ಬಿಚ್ಚುತ್ತ ಕಿವಿಗೊಟ್ಟು ಕೂತಿದ್ದೆ. ಬೀಪ್, ಉಂಟು. ಬೀಪ್, ಉಂಟು. ಹನ್ನೊಂದೂವರೆಯ ಹೊತ್ತಿಗೆ ಒಂದು ಬೀಪ್ ಆಯಿತು. ಅವಳ ಸ್ವರ ಬರಲಿಲ್ಲ.

“ಇನ್ನೊಮ್ಮೆ ಮಾಡಿ ಪೊರ್ಬುಗಳೇ.”

ಬೀಪ್.

“ವಾರಿಜಕ್ಕ, ಇದು ಹಾಳೆಯಲ್ಲಿ ಇಲ್ಲ.”

ಆ ಗೆರೆ ಕಾಯಿಲಿನ ಅಡಿಯಿಂದ ಹೋಗುತ್ತಿತ್ತು. ಕಾಯಿಲು ತೆಗೆಯದೆ ನಕಲು ಮಾಡಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬ್ಯಾಟರಿಯ ಶಕ್ತಿ ಕಾಯಿಲಿಗೆ ಹೋಗುವ ಗೆರೆ ಅದು. ಪಂಚಾಯಿತಿ ಮಾಡಿಸಲು ಒಪ್ಪಿದ್ದ ಆರುನೂರು ಬೋರ್ಡು ಅದಿಲ್ಲದೆ ಬಂದಿದ್ದರೆ ಆರುನೂರೂ ಮೂಕ. ಗೀರು ನನಗೆ ಒಂದು ಮಾತೂ ಹೇಳಿರಲಿಲ್ಲ. ಅದನ್ನು ಬೈಯುವಂತೆಯೂ ಇರಲಿಲ್ಲ. ನಾನು ಬರೆದದ್ದನ್ನು ಬರೆದ ಹಾಗೇ ಇಟ್ಟುಕೊಂಡಿತ್ತು.

ನಾನು ಹೊರಗೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತೆ. ಆ ಗೆರೆಯೊಂದನ್ನು ಸೇರಿಸಿ ಕಳಿಸಬಹುದಿತ್ತು, ಐದು ನಿಮಿಷದ ಕೆಲಸ. ಉಳಿದ ಗೆರೆಗಳನ್ನು ಅವರು ತಾಳೆ ನೋಡಿ ಮುಗಿಸುತ್ತಿದ್ದರು. ಆದರೆ ಮುಂದಿನ ಸಲ? ನಾನು ಸತ್ತ ಮೇಲೆ ಯಾರೋ ಒಬ್ಬರು ಈ ಚಿತ್ರ ತೆಗೆದು ಒಂದು ಗೆರೆ ಅತ್ತಿತ್ತ ಸರಿಸಿದರೆ, ಅವರಿಗೆ ಯಾರು ಹೇಳುತ್ತಾರೆ? ಹೊಳೆಯಲ್ಲಿ ತನಿಯಪ್ಪನ ದೋಣಿ ಕಟ್ಟಿಹಾಕಿ ಬಿದ್ದಿತ್ತು. ಹೆಂಡತಿ ಹೊರಗಿರುವಾಗ ಮನೆ ಕಾಯಬೇಕೆಂದು ಅವನು ದುಡಿಮೆ ಬಿಟ್ಟು ಎಷ್ಟೋ ದಿನವಾಗಿತ್ತು. ಎದ್ದು ಒಳಗೆ ಬಂದೆ.

“ಹೆಣಿಗೆಯಲ್ಲಿ ಮೊದಲಿಂದ ಬರೆಯುವ. ಬಟನು ಸಮೇತ” ಎಂದೆ.

“ಹದಿನೈದು ದಿನದಲ್ಲಾ?” ಎಂದರು ಪೊರ್ಬುಗಳು.

“ಹದಿನೈದು ದಿನದಲ್ಲೇ.”

ನನ್ನ ಕಂಪ್ಯೂಟರಿನಲ್ಲಿ ಹೆಣಿಗೆ ಓಡಿಸಿದರೆ ಹದಿನೈದು ತಿಂಗಳಾಗುತ್ತಿತ್ತು. ಒಳ್ಳೆಯದೊಂದು ಇದ್ದದ್ದು ಪಂಚಾಯಿತಿ ಕಚೇರಿಯಲ್ಲಿ. ಅಧ್ಯಕ್ಷ ದೂಮಣ್ಣ ಹೆಗ್ಡೆಯವರ ಎದುರು ನಾವಿಬ್ಬರೂ ಹೋಗಿ ನಿಂತೆವು. ಕೆಟ್ಟ ಮನುಷ್ಯರಲ್ಲ, ಆದರೆ ದಿನವೂ ಚಾವಡಿಯಲ್ಲಿ ಮಲಗಿದವರ ದೂರು ಕೇಳಿ ಕೇಳಿ ಸೋತಿದ್ದರು.

“ಅಲ್ಲ ವಾರಿಜಾ, ನಿನ್ನದು ತಯಾರಾಗಿದೆ ಅಂತ ನೀನೇ ಹೇಳಿದ್ದಲ್ಲವಾ?”

“ಹೇಳಿದ್ದೆ. ತಪ್ಪಾಗಿತ್ತು.”

“ತಿದ್ದು, ಕಳಿಸು. ಒಂದೇ ಸಲ ಮಾಡಿಸ್ಲಿಕ್ಕೆ ನಮ್ಮಿಂದ ಆಗುವುದು, ಗೊತ್ತುಂಟಲ್ಲ? ಈ ಲಾರಿಯಲ್ಲಿ ಹೋದ್ರೆ ಮುಂದಿನ ಲಾರಿಯಲ್ಲಿ ಬೋರ್ಡು ಬರ್ತದೆ, ಅದೇ ಕೊನೆಯದು. ಈ ಲಾರಿ ತಪ್ಪಿದ್ರೆ ಮಳೆಗಾಲ. ಆಮೇಲೆ ನಾಲ್ಕು ತಿಂಗಳು ಲಾರಿಯೇ ಇಲ್ಲ. ಅಷ್ಟರಲ್ಲಿ ಇನ್ನೆಷ್ಟು ಮನೆ ಹೋಗ್ತದೋ.”

“ಒಂದೇ ಸಲ ಅಂತಲೇ ಕೇಳ್ತಿರುವುದು ಧಣಿ” ಎಂದಳು ಗುಲಾಬಿ. ಮಗು ಕುಂಯ್ ಎಂದಿತು, ಅದನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ಒಂದೇ ಸಲ ಆಗುವುದಾದ್ರೆ ಸರಿಯಾದದ್ದೇ ಆಗ್ಬೇಕಲ್ಲ. ಲಾರಿ ತಪ್ಪುವುದಿಲ್ಲ. ತಪ್ಪಿದ್ರೆ ಚಾವಡಿಯಲ್ಲಿ ಮಲಗುವವರ ಸಾಲಿನಲ್ಲಿ ನಾನು ಈ ಮಗುವನ್ನು ಕಟ್ಟಿಕೊಂಡು ಬಂದು ಮಲಗ್ತೇನೆ, ನಾಲ್ಕು ತಿಂಗಳೂ. ನಿಮ್ಮ ಕಂಪ್ಯೂಟರು ಕೊಡಿ.”

ಹೆಗ್ಡೆಯವರು ಅವಳನ್ನು ನೋಡಿದರು, ಮಗುವನ್ನು ನೋಡಿದರು. ಅವತ್ತು ಹುಡುಕಿದವರಲ್ಲಿ ಅವರೂ ಇದ್ದರು. ಕೂಗಿ ಕೂಗಿ ಹೋಗಿದ್ದ ಅವರ ಸ್ವರ ಸರಿಯಾಗಲು ವಾರ ಹಿಡಿದಿತ್ತು. “ಕೈಗಾಡಿಯಲ್ಲಿ ಹಾಕಿ ತಗೊಂಡು ಹೋಗಿ. ಕಿವಿ ಮರೀಬೇಡಿ, ನಾಳೆ ಕಚೇರಿ ಎಲ್ಲಿರ್ತದೋ” ಎಂದರು.

ಆ ಹದಿನೈದು ದಿನ ನಾವು ಹೇಗೆ ಕೂತೆವೆಂದು ಈಗ ನೆನೆದರೆ ಬೆನ್ನು ನೋಯುತ್ತದೆ. ಹೆಣಿಗೆಯ ಕಪಾಟಿನಲ್ಲಿ ಸಾವಿರಾರು ಬಿಡಿಭಾಗಗಳ ಚಿತ್ರಗಳು ಸಿದ್ಧವಾಗಿದ್ದವು, ಆದರೆ ನಮ್ಮ ಪೊರ್ಬುಗಳು ಕೈಯಲ್ಲಿ ಸುತ್ತುವ ಕಾಯಿಲು ಇರಲಿಲ್ಲ. ಅದರ ಚಿತ್ರವನ್ನು ನಾವೇ ಬರೆದು ಕಪಾಟಿಗೆ ಸೇರಿಸಬೇಕಿತ್ತು. ಪೊರ್ಬುಗಳು ವರ್ನಿಯರ್ ಹಿಡಿದು ಕಾಯಿಲಿನ ಕಾಲುಗಳ ನಡುವಿನ ಅಂತರ ಅಳೆದರು. ನಾನು ಅಳೆದೆ, ಬೇರೆ ಬಂತು. ಗುಲಾಬಿ ಅಳೆದಳು, ಮತ್ತೊಂದು. ಕೊನೆಗೆ ಇಪ್ಪತ್ತು ಕಾಯಿಲುಗಳನ್ನು ಸಾಲಾಗಿಟ್ಟು ಅಳೆದಾಗ, ಪೊರ್ಬುಗಳು ಸುತ್ತಿದ ಯಾವ ಎರಡು ಕಾಯಿಲೂ ಒಂದೇ ಅಳತೆಯವಲ್ಲವೆಂದು ಗೊತ್ತಾಯಿತು. ಐವತ್ತು ವರ್ಷ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. ಅವರ ಮುಖ ಬಾಡಿತು. “ರವಿಕೆಗೂ ಎರಡು ಬೆರಳು ಹೆಚ್ಚಿಟ್ಟೇ ಹೊಲಿಯುವುದು ಪೊರ್ಬುಗಳೇ, ಮೈ ಒಂದೇ ಥರ ಇರ್ತದಾ?” ಎಂದು ಗುಲಾಬಿ ರಂಧ್ರಗಳನ್ನು ಸ್ವಲ್ಪ ಉದ್ದಕ್ಕೆ ಮಾಡಿದಳು. ಎಲ್ಲ ಕಾಯಿಲೂ ಕೂತವು.

ನಾನು ಚಿತ್ರ ಬರೆಯುವುದು, ಗುಲಾಬಿ ಬೋರ್ಡಿನ ಮೇಲೆ ಭಾಗಗಳನ್ನು ಕೂರಿಸುವುದು ಎಂದು ಹಂಚಿಕೊಂಡೆವು. ಇಂಗ್ಲಿಷು ಅವಳಿಗೆ ಅಷ್ಟಕ್ಕಷ್ಟೆ. ಗುರುತು ನೋಡಿ ಕಲಿತಳು. ಎಂಟನೆಯ ದಿನಕ್ಕೆ ನನಗಿಂತ ಬೇಗ ಗೆರೆ ಎಳೆಯುತ್ತಿದ್ದಳು. ಒಮ್ಮೆ ಯಾವುದೋ ಕುತೂಹಲಕ್ಕೆ ನಾನು ನಮ್ಮ ಫೈಲನ್ನು ಹೆಣಿಗೆಯಲ್ಲಿ ತೆರೆಯದೆ ಸಾದಾ ಬರಹ ಓದುವ ಕಿಟಕಿಯಲ್ಲಿ ತೆರೆದೆ. ಒಳಗೆಲ್ಲ ಓದಬಲ್ಲ ಅಕ್ಷರ. ಇಲ್ಲಿಂದ ಇಲ್ಲಿಗೆ ಗೆರೆ, ಇಷ್ಟು ದಪ್ಪ, ಇಲ್ಲಿ ಕಾಯಿಲು, ಇಲ್ಲಿ ಬಟನು. ಹೆಣಿಗೆಯೇ ಇಲ್ಲವಾದರೂ ತಾಳ್ಮೆಯಿದ್ದವರು ಈ ಅಕ್ಷರಗಳನ್ನು ಓದಿ ಕಾಗದದ ಮೇಲೆ ಬೋರ್ಡು ಬರೆಯಬಹುದು. ವರ್ಷವರ್ಷ ಬದಲಾದರೆ ಏನು ಗತಿ ಎಂಬ ನನ್ನ ಭಯ ಅಲ್ಲಿಗೆ ಇಳಿಯಿತು. ಗುಲಾಬಿಗೆ ತೋರಿಸಿದೆ. ಅವಳು ‘ಬಟನು’ ಎಂದು ತಾನೇ ಕನ್ನಡದಲ್ಲಿ ಕೊಟ್ಟಿದ್ದ ಹೆಸರನ್ನು ಆ ಸಾಲುಗಳ ನಡುವೆ ಹುಡುಕಿ, ಬೆರಳಿಟ್ಟು, ಎರಡು ಸಲ ಓದಿದಳು.

ಲಾರಿಗೆ ಎರಡು ದಿನ ಇರುವಾಗ ಹೆಣಿಗೆಗೆ ಪರೀಕ್ಷೆ ಮಾಡಲು ಹೇಳಿದೆವು. ಅರವತ್ತೊಂದು ದೂರು ಕೊಟ್ಟಿತು. ಈ ಗೆರೆ ಆ ಗೆರೆಗೆ ತೀರಾ ಹತ್ತಿರ, ಈ ರಂಧ್ರ ಅಂಚಿಗೆ ಹತ್ತಿರ, ಇದು ಅದಕ್ಕೆ ಸೇರಿಲ್ಲ. ಪೊರ್ಬುಗಳು “ಯೇ ದೇವಾ” ಎಂದು ತಲೆಯ ಮೇಲೆ ಕೈಯಿಟ್ಟರು. ಗುಲಾಬಿ ಮಾತ್ರ ಖುಷಿಯಲ್ಲಿದ್ದಳು. “ಹೇಳ್ತಾ ಉಂಟಲ್ಲ, ಹೇಳಲಿ. ಹೇಳದೆ ಇದ್ದದ್ದಕ್ಕೆ ಅಲ್ಲವಾ ಇಷ್ಟೆಲ್ಲ ಆದದ್ದು” ಎಂದು ಒಂದೊಂದನ್ನೇ ತಿದ್ದುತ್ತ ಹೋದಳು. ಒಂದು ತಿದ್ದಿದರೆ ಎರಡು ಹೊಸದು ಹುಟ್ಟುತ್ತಿದ್ದವು. ಮಗುವನ್ನು ನಾವು ಮೂವರೂ ಸರದಿಯಲ್ಲಿ ಎತ್ತಿಕೊಂಡೆವು. ಲಾರಿ ಬರುವ ದಿನ ಬೆಳಗ್ಗೆ ಏಳಕ್ಕೆ ಒಂದೇ ಒಂದು ಬಿಳಿ ನೂಲು ಉಳಿದಿತ್ತು, ಬಟನಿನಿಂದ ಚಿಪ್ಪಿನ ಆ ಖಾಲಿ ಕಾಲಿಗೆ. ನಡುವೆ ಜಾಗವೇ ಇರಲಿಲ್ಲ. ದಂಡೆಯಲ್ಲಿ ಲಾರಿಯ ಹಾರ್ನು ಕೇಳಿತು. “ಬಟನು ಬಿಟ್ಟುಬಿಡುವ, ಉಳಿದದ್ದೆಲ್ಲ ಸರಿಯಿದೆ” ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ನೀವು ಹೋಗಿ ಡ್ರೈವರನ್ನು ನಿಲ್ಲಿಸಿ. ಚಾ ಕುಡಿಸಿ, ತಿಂಡಿ ತಿನ್ನಿಸಿ, ಎಂತ ಬೇಕಾದ್ರೂ ಮಾಡಿ” ಎಂದಳು ಗುಲಾಬಿ, ಪರದೆಯಿಂದ ಕಣ್ಣು ತೆಗೆಯದೆ.

ನಾನು ಡ್ರೈವರನಿಗೆ ನೀರುದೋಸೆ ಕೊಡಿಸಿದೆ, ಮತ್ತೆ ಎರಡು ಕೊಡಿಸಿದೆ. ಅವನು ಕೈ ತೊಳೆದು ಲಾರಿ ಹತ್ತಿದ, ಇಂಜಿನು ಶುರು ಮಾಡಿದ. ಆಗ ಪೊರ್ಬುಗಳು, ಆ ವಯಸ್ಸಿನಲ್ಲಿ, ಪೆನ್‌ಡ್ರೈವು ಹಿಡಿದ ಕೈ ಮೇಲೆತ್ತಿಕೊಂಡು ಓಡಿಬಂದರು. ಏಳು ಗೆರೆಗಳನ್ನು ಕೂದಲೆಳೆಯಷ್ಟು ಬದಿಗೆ ಸರಿಸಿ ಎಂಟನೆಯದನ್ನು ಅವಳು ನಡುವೆ ದಾಟಿಸಿದ್ದಳು. ಒಂದು ದೂರೂ ಉಳಿದಿರಲಿಲ್ಲ.

ಮಳೆಗಾಲಕ್ಕೆ ಮೊದಲಿನ ಕೊನೆಯ ಲಾರಿಯಲ್ಲಿ ಬೋರ್ಡುಗಳು ಬಂದವು, ಹಸಿರು ಬಣ್ಣದವು, ಮುಟ್ಟಿದರೆ ತಣ್ಣಗೆ. ನಾವು ಮೊದಲ ಬೋರ್ಡಿಗೆ ಬೆಸುಗೆ ಹಾಕಿ ಗುಲಾಬಿಯ ಮನೆಯ ಕರೆಯನ್ನೇ ಕೊಟ್ಟೆವು. ಕರೆ ಬಂತು, ಗುಲಾಬಿಯ ಕೊರಳಿನ ಕಿವಿ ಟಿಕ್ ಎಂದಿತು. 

“ಬಟನು ನಾನು ಪರೀಕ್ಷೆ ಮಾಡ್ತೇನೆ. ಮನೆಯಲ್ಲಿ, ಒಬ್ಬಳೇ” ಎಂದಳು ಗುಲಾಬಿ.

ಹೆತ್ತ ದಿನದಿಂದ ಅವಳು ಒಂದು ಗಳಿಗೆಯೂ ಮನೆಯಲ್ಲಿ ಒಬ್ಬಳೇ ಇದ್ದವಳಲ್ಲ. ತನಿಯಪ್ಪ ಬೇಡವೆಂದ. ನಾನೂ ಬೇಡವೆಂದೆ. ಅವಳು ಕೇಳಲಿಲ್ಲ, ಹೊಸ ಪೆಟ್ಟಿಗೆಯನ್ನು ಮನೆಯ ಗೋಡೆಗೆ ಹಾಕಿಸಿಕೊಂಡಳು. ಗಂಡನ ಕೈಗೆ ಮಗುವನ್ನು ಕೊಟ್ಟು, ಅವನ ಕಿವಿಯನ್ನೂ ತನ್ನ ಕಿವಿಯನ್ನೂ ಕೊರಳಿಂದ ಬಿಚ್ಚಿಸಿ ತಾನೇ ಇಟ್ಟುಕೊಂಡಳು. ಬಟನಿನ ಕರೆಯೊಂದರಿಂದಲೇ ಮನೆ ಸಿಗಬೇಕೆಂಬುದು ಅವಳ ಹಟ. ಮರುದಿನ ಬೆಳಗ್ಗೆ ಊರು ಮಗ್ಗುಲಾದ ಮೇಲೆ ನಾವು ಸುಂಕದಕಟ್ಟೆಯಲ್ಲಿ ಕಾದು ನಿಂತೆವು. ಹೆಗ್ಡೆಯವರು, ಕಲ್ಯಾಣಿ, ಪೊರ್ಬುಗಳು, ಚಾವಡಿಯಲ್ಲಿ ಮಲಗಿದ್ದವರೆಲ್ಲ. ಸಣ್ಣಗೆ ಮಳೆ ಹನಿಯುತ್ತಿತ್ತು. ಏಳು ಗಂಟೆಗೆ ಒತ್ತುತ್ತೇನೆ ಎಂದಿದ್ದಳು. ಏಳು ದಾಟಿತು. ತನಿಯಪ್ಪ ಮಗುವನ್ನು ಅವುಚಿಕೊಂಡು ಒಂದೇ ಕಡೆ ನೋಡುತ್ತಿದ್ದ. ನಾನು ಅವನ ಕಣ್ಣು ತಪ್ಪಿಸಿದೆ.

ಆಮೇಲೆ ನನ್ನ ಕಿವಿ ಸದ್ದು ಮಾಡಿತು. ಹೆಗ್ಡೆಯವರದು, ಕಲ್ಯಾಣಿಯದು, ಎಲ್ಲರದ್ದೂ ಒಟ್ಟಿಗೆ. ಊರಿನೊಳಗೆ ದೂರದೂರದಿಂದ ಜನ ಬಾಗಿಲು ತೆರೆದು ಹೊರಗೆ ಬರುವ ಸದ್ದು ಕೇಳಿತು. ಯಾರೂ ಹೆಸರು ಕೂಗಲಿಲ್ಲ. ಎಲ್ಲರೂ ಕಿವಿ ಎದುರಿಗೆ ಹಿಡಿದು ಒಂದೇ ದಿಕ್ಕಿಗೆ ಓಡಿದರು. ನಾವು ಒಂದು ಓಣಿ ದಾಟಿ, ಯಾರದೋ ದನದ ಕೊಟ್ಟಿಗೆ ಬಳಸಿ, ಹಳ್ಳದ ಮೇಲಿನ ಒಂದು ಕಾಲುಸಂಕ ದಾಟುವಷ್ಟರಲ್ಲಿ ಬೇರೆ ಬೇರೆ ಬೀದಿಗಳಿಂದ ಬಂದವರು ಆಗಲೇ ಒಂದು ಅಂಗಳ ತುಂಬಿದ್ದರು. ಬಾಗಿಲು ತೆರೆದೇ ಇತ್ತು. ಗುಲಾಬಿ ಹೊಸ್ತಿಲ ಮೇಲೆ ನಿಂತಿದ್ದಳು, ಬೆವರಿದ್ದಳು, ಕೈಯಲ್ಲಿ ತನಿಯಪ್ಪನ ಗಡಿಯಾರ. ತನಿಯಪ್ಪ ನುಗ್ಗಿ ಮಗುವನ್ನು ಅವಳ ತೋಳಿಗೆ ಕೊಟ್ಟು, ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟು ಅಂಗಳದ ಜನರನ್ನೆಲ್ಲ ನೋಡಿದಳು. ಅವಳ ಕಣ್ಣೂ ತುಂಬಿತ್ತು.

“ಒಂಬತ್ತು ನಿಮಿಷ” ಎಂದಳು ನನಗೆ.

“ಒಂಬತ್ತೇ ನಿಮಿಷ ಗುಲಾಬಿ!”

“ಹೆಚ್ಚಾಯ್ತು ವಾರಿಜಕ್ಕ. ಒತ್ತಿದ ಮೇಲೆ ಸಿಗ್ನಲು ಹೊರಡ್ಲಿಕ್ಕೇ ಎರಡು ನಿಮಿಷ ತಗೊಂಡಿತು, ನಾನು ನೋಡಿದೆ. ಆ ಬಟನಿನ ಗೆರೆ ತೀರಾ ತೆಳ್ಳಗಾಗಿದೆ ಕಾಣ್ತದೆ, ಇಲ್ಲ ಬೇರೆ ಎಂತದೋ ಉಂಟು. ಇದನ್ನೆಲ್ಲ ಮನೆಮನೆಗೆ ಹಾಕುವ. ಮುಂದಿನದರಲ್ಲಿ ಆ ಗೆರೆಯನ್ನು ಅಂಚಿನಿಂದ ಸುತ್ತಿಸಿ ತರುವ.” ಅವಳು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. “ನಡೀರಿ, ಫೈಲು ತೆಗೀರಿ. ತೋರಿಸ್ತೇನೆ.”

‘ಒಂದೇ ಸಲ’ ಎಂದಿದ್ದ ಹೆಗ್ಡೆಯವರೇ ಮೊದಲು ಬದಿಗೆ ಸರಿದರು. ಅಂಗಳದಲ್ಲಿ ನಿಂತವರು ದಾರಿ ಬಿಟ್ಟರು. ನಾವು ಮಳೆಯಲ್ಲೇ ಸುಂಕದಕಟ್ಟೆಗೆ ನಡೆದೆವು, ನಾನು ಕಂಪ್ಯೂಟರು ಹಚ್ಚಿದೆ, ಅವಳು ಸ್ಟೂಲು ಎಳೆದುಕೊಂಡಳು.